ಗೋಡೆಯ ವೈರಿಗೆ ಬಣ್ಣದ ಬ್ಲಾಕುಗಳ ಸಿಂಗಾರ



ಈ ಪುಟವನ್ನು ಓದುವ ಮೊದಲು ನಿಮ್ಮ ಮನೆಯ ಗೋಡೆಗಳ ಮೇಲೊಮ್ಮೆ ಕಣ್ಣಾಡಿಸಿ. ಟಿ.ವಿ.ಗೆ ಇಳಿದು ಬಂದ ಕಪ್ಪು ಕೇಬಲ್, ಮೊಬೈಲ್ ಚಾರ್ಜರಿನ ಬಿಳಿ ವೈರು, ಟೇಬಲ್ ಫ್ಯಾನಿನದೊಂದು, ಓದುವ ದೀಪದ್ದೊಂದು. ಎಣಿಸಿದರೆ ಹತ್ತಕ್ಕೆ ಕಡಿಮೆ ಇರಲಾರವು. ಈಗಿನ ಸಿಮೆಂಟು ಮನೆಗಳಲ್ಲಿ ಬಹುಪಾಲು ವೈರು ಗೋಡೆಯೊಳಗಿನ ಪೈಪಿನಲ್ಲಿ ಅಡಗಿರುತ್ತದೆ. ಆದರೆ ಗದಗ ಜಿಲ್ಲೆ ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯಂಥ ಊರಿನಲ್ಲಿ ಮಣ್ಣಿನ ಮಾಳಿಗೆಯ ಹಳೆಯ ಮನೆಯೊಂದನ್ನು ಊಹಿಸಿಕೊಳ್ಳಿ. ಆ ಮನೆ ಕಟ್ಟಿದಾಗ ಕರೆಂಟೇ ಇರಲಿಲ್ಲ. ವಿದ್ಯುತ್ತು ಆಮೇಲೆ ಬಂದ ಅತಿಥಿ. ಹಾಗಾಗಿ ವೈರುಗಳು ತೊಲೆ, ಕಂಬ, ಗೋಡೆಗಳ ಮೇಲೆಯೇ ಎಲ್ಲರ ಕಣ್ಣಿಗೆ ಬೀಳುವಂತೆ ಹರಿದಾಡುತ್ತವೆ.

ಮರೆಮಾಡಲಾಗದ್ದನ್ನು ಸಿಂಗರಿಸಬಾರದೇಕೆ? ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಬಿಲ್ಡಿಂಗ್ ಬ್ಲಾಕ್‌ಗಳಿಂದ ಗೋಡೆಯ ಕೇಬಲನ್ನೇ ಹಳಿ ಮಾಡಿ ಅದರ ಮೇಲೆ ರೈಲು ಓಡಿಸಬಹುದು. ಚಾರ್ಜರಿನ ವೈರಿಗೆ ಸೇತುವೆ ಕಟ್ಟಬಹುದು. ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳನ್ನು ಮೇಜಿನ ಅಂಚಿಗೆ ತರಬಹುದು. ಇದೊಂದು ಚಂದದ ಹವ್ಯಾಸ. ಆದರೆ ಯಾವ ವೈರನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಅರಿಯದೆ ಹೊರಟರೆ ಆಟ ಹೋಗಿ ಅನಾಹುತವಾದೀತು.

ಮೊದಲು ಬ್ಲಾಕಿನ ಕಥೆ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದ. ಅವನ ಕಂಪನಿಯೇ ಮುಂದೆ 'ಲೆಗೋ' ಆಯಿತು. ಡ್ಯಾನಿಷ್ ಭಾಷೆಯಲ್ಲಿ 'ಚೆನ್ನಾಗಿ ಆಡು' ಎಂಬರ್ಥದ ಎರಡು ಪದಗಳನ್ನು ಕೂಡಿಸಿ ಮಾಡಿದ ಹೆಸರದು. ಮೇಲೆ ಉಬ್ಬು, ಒಳಗೆ ಕೊಳವೆ ಇರುವ ಇಂದಿನ ಬ್ಲಾಕಿನ ವಿನ್ಯಾಸ ನೋಂದಣಿಯಾದದ್ದು 1958ರಲ್ಲಿ. ಆ ವರ್ಷದ ಬ್ಲಾಕು ಇಂದಿನ ಬ್ಲಾಕಿಗೂ ಕಚ್ಚಿಕೊಳ್ಳುತ್ತದೆ. ಅಳತೆಯಲ್ಲಿ ಅಷ್ಟು ಕಟ್ಟುನಿಟ್ಟು. ನಮ್ಮ ಮಕ್ಕಳಿಗೂ ಕೈಯಿಂದ ರೂಪ ಕೊಡುವ ವಿದ್ಯೆ ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ ಮಾಡಿದ ಬೆರಳುಗಳೇ ಇವು. ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರಕ್ಕೆ ಬಣ್ಣ ಹಚ್ಚಿ ಮಾಡುವ ಗೊಂಬೆಗಳು ದೇಶಕ್ಕೇ ಪರಿಚಿತ. ಬ್ಲಾಕಿನ ಅನುಕೂಲವೆಂದರೆ ಇಂದು ಕಟ್ಟಿದ್ದನ್ನು ನಾಳೆ ಬಿಚ್ಚಿ ಬೇರೊಂದನ್ನು ಕಟ್ಟಬಹುದು. ಮೊಳೆ ಬೇಡ, ಅಂಟು ಬೇಡ.

ಇನ್ನು ವೈರಿನ ವಿಚಾರ. ಮನೆಯಲ್ಲಿರುವ ವೈರುಗಳನ್ನು ಎರಡು ಜಾತಿಯೆಂದು ತಿಳಿಯಿರಿ. ಪ್ಲಗ್ಗಿನಿಂದ ನೇರ ಹೊರಟ ವೈರಿನಲ್ಲಿ 230 ವೋಲ್ಟ್ ಇರುತ್ತದೆ. ಫ್ಯಾನು, ಮಿಕ್ಸರು, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಎಕ್ಸ್‌ಟೆನ್ಷನ್ ಬೋರ್ಡು ಎಲ್ಲವೂ ಈ ಜಾತಿಯವು. ಚಾರ್ಜರಿನ ಡಬ್ಬಿ ದಾಟಿ ಮೊಬೈಲಿಗೆ ಬರುವ ವೈರಿನಲ್ಲಾದರೋ ಸಾಮಾನ್ಯವಾಗಿ 5 ವೋಲ್ಟ್. ಬೇಗ ಚಾರ್ಜು ಮಾಡುವಂಥದ್ದಾದರೆ 9, 12 ಅಥವಾ 20 ವೋಲ್ಟ್. ಡಿಶ್ ಆಂಟೆನಾದ ಕೇಬಲಿನಲ್ಲೂ 20 ವೋಲ್ಟಿನ ಒಳಗೇ. ನಿಮ್ಮ ಕೈಚಳಕ ಈ ಎರಡನೆಯ ಜಾತಿಗೆ ಮಾತ್ರ ಮೀಸಲಿರಲಿ.

'ವೈರಿನ ಮೇಲೆ ಪಿ.ವಿ.ಸಿ. ಹೊದಿಕೆ ಇದೆಯಲ್ಲ, ಬ್ಲಾಕೂ ಪ್ಲಾಸ್ಟಿಕ್ಕೇ, ವಿದ್ಯುತ್ ಹರಿಯುವುದಿಲ್ಲ, ಮತ್ತೇನು ಭಯ?' ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಇಲ್ಲಿನ ಅಪಾಯ ಶಾಕ್ ಒಂದೇ ಅಲ್ಲ, ಶಾಖವೂ ಹೌದು. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಅದನ್ನೇ ಲೆಕ್ಕಕ್ಕಿಳಿಸೋಣ. 1 ಚದರ ಮಿ.ಮೀ. ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.017 ಓಮ್ ರೋಧ. ಹೋಗುವ ತಂತಿ, ಬರುವ ತಂತಿ ಎರಡೂ ಸೇರಿ 3 ಆಂಪಿಯರ್ ಹರಿದಾಗ ಮೀಟರಿಗೆ ಸುಮಾರು 0.3 ವ್ಯಾಟ್ ಶಾಖ. ಪ್ರವಾಹ 6 ಆಂಪಿಯರ್ ಆದರೆ 1.2 ವ್ಯಾಟ್. 12 ಆದರೆ ಸುಮಾರು 5 ವ್ಯಾಟ್. ಪ್ರವಾಹ ಇಮ್ಮಡಿಯಾದಾಗಲೆಲ್ಲ ಶಾಖ ನಾಲ್ಕು ಪಟ್ಟು! 1500 ವ್ಯಾಟಿನ ಕಾಯಿಲ್ ಒಂದೇ ಆರೂವರೆ ಆಂಪಿಯರ್ ಎಳೆಯುತ್ತದೆ.

ಬಯಲಲ್ಲಿದ್ದ ವೈರಿನ ಶಾಖವನ್ನು ಗಾಳಿ ಒಯ್ಯುತ್ತದೆ. ಸುತ್ತಲೂ ಬ್ಲಾಕು ಮುಚ್ಚಿದರೆ ಅದು ಬೇಸಿಗೆಯಲ್ಲಿ ಕಂಬಳಿ ಹೊದಿಸಿದಂತೆ. ಹುಟ್ಟಿದ ಶಾಖ ಅಲ್ಲಿಯೇ ಕೂಡುತ್ತ ಹೋಗುತ್ತದೆ. ಸಾಮಾನ್ಯ ಪಿ.ವಿ.ಸಿ. ಹೊದಿಕೆ ತಾಳಬೇಕಾದ ಗರಿಷ್ಠ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್. ಅದನ್ನು ಮೀರಿ ದಿನಗಟ್ಟಲೆ ಕಾದರೆ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿ ಬಿಚ್ಚದೆ ಬಳಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಇನ್ನೊಂದು ಸಂಗತಿಯಿದೆ. ಬೆಂಕಿಯ ಮೂಲ ಸರಿಸಿದರೆ ಪಿ.ವಿ.ಸಿ. ತಾನಾಗಿ ಆರುವ ಗುಣ ಉಳ್ಳದ್ದು. ಬ್ಲಾಕುಗಳನ್ನು ಮಾಡುವ ಎ.ಬಿ.ಎಸ್. ಪ್ಲಾಸ್ಟಿಕ್ ಹಾಗಲ್ಲ. ಸುಮಾರು 100 ಡಿಗ್ರಿಯಲ್ಲಿ ಮೆತ್ತಗಾಗುತ್ತದೆ, ಹತ್ತಿಕೊಂಡರೆ ದಟ್ಟ ಕರಿಹೊಗೆ ಬಿಡುತ್ತ ಉರಿಯುತ್ತದೆ. ಬಿಸಿ ವೈರಿನ ಪಕ್ಕದಲ್ಲಿ ಸೌದೆ ಒಟ್ಟುವುದೂ ಒಂದೇ, ಇದೂ ಒಂದೇ.

ಕಟ್ಟುವ ಕ್ರಮಕ್ಕೆ ಬರೋಣ. ಬ್ಲಾಕಿನ ಎರಡು ಉಬ್ಬುಗಳ ನಡುಬಿಂದುಗಳ ಅಂತರ 8 ಮಿ.ಮೀ., ಉಬ್ಬಿನ ಅಗಲ 4.8 ಮಿ.ಮೀ. ಹಾಗಾದರೆ ಎರಡು ಉಬ್ಬುಗಳ ನಡುವೆ ಉಳಿಯುವ ಸಂದು 3.2 ಮಿ.ಮೀ. ತೆಳು ಚಾರ್ಜರ್ ವೈರು ಅಲ್ಲಿ ಕುಳಿತೀತು. ಆದರೆ ಅದರ ಮೇಲೆ ಇನ್ನೊಂದು ಬ್ಲಾಕು ಒತ್ತಿದರೆ ವೈರು ಜಜ್ಜುತ್ತದೆ, ಬ್ಲಾಕೂ ಕೂರುವುದಿಲ್ಲ. ಒಂದು ಉಬ್ಬಿನಷ್ಟು ಜಾಗ ಬಿಟ್ಟು ಅತ್ತ ಇತ್ತ ಎರಡು ಬ್ಲಾಕುಗಳನ್ನಿಟ್ಟು, ಮೇಲೆ ತೆಳು ಪಟ್ಟಿಯೊಂದನ್ನು ಅಡ್ಡ ಹಾಕಿ. 8 ಮಿ.ಮೀ. ಅಗಲದ, ಅದಕ್ಕಿಂತ ತುಸು ಎತ್ತರದ ಒಂದು ಸುರಂಗ ಸಿದ್ಧ! ವೈರು ಅದರೊಳಗೆ ಸಲೀಸಾಗಿ ಜಾರುತ್ತದೆ. ಎಳೆದಾಗ ಜಾರದಿದ್ದರೆ ಎಲ್ಲೋ ಒತ್ತುತ್ತಿದೆ ಎಂದೇ ತಿಳಿದು ಬಿಚ್ಚಿರಿ. ಈ ಸುರಂಗದ ಮೇಲೆ ಮನೆ, ಎತ್ತಿನಗಾಡಿ, ಗಾಳಿಯಂತ್ರ, ಏನು ಬೇಕಾದರೂ ಏಳಲಿ. ಲೆಗೋದ ಪುಟ್ಟ ಮನುಷ್ಯನ ಕೈ 3.2 ಮಿ.ಮೀ. ಸರಳು ಹಿಡಿಯುವಂತೆ ಮಾಡಿದ್ದು. ಅಷ್ಟೇ ತೆಳುವಾದ ವೈರಾದರೆ ಅವನ ಕೈಗೇ ಕೊಟ್ಟು ಮೇಜಿನಂಚಿಗೆ ಕಾವಲು ನಿಲ್ಲಿಸಬಹುದು. ವೈರು ಕೆಳಗೆ ಬೀಳುವುದು ತಪ್ಪುತ್ತದೆ.

ಭಾರದ ಲೆಕ್ಕವನ್ನೂ ಮರೆಯಬೇಡಿ. ಎಂಟು ಉಬ್ಬಿನ ಒಂದು ಬ್ಲಾಕು ಸುಮಾರು 2.3 ಗ್ರಾಂ. ನಲವತ್ತು ಸೇರಿದರೆ 90 ಗ್ರಾಂ ದಾಟುತ್ತದೆ. ಅಷ್ಟು ತೂಕ ವೈರಿಗೆ ಜೋತುಬಿದ್ದರೆ ಪಿನ್ನಿನ ಬುಡದಲ್ಲಿ ಎಳೆತ. ಗಟ್ಟಿ ಪಿನ್ನೂ ಮೆತ್ತನೆಯ ವೈರೂ ಕೂಡುವ ಆ ಕುತ್ತಿಗೆಯೇ ವೈರು ಮೊದಲು ಮುರಿಯುವ ಜಾಗ. ಮತ್ತೆ ಮತ್ತೆ ಬಾಗಿದಾಗ ಒಳಗಿನ ಕೂದಲೆಳೆಯ ತಾಮ್ರದ ತಂತಿಗಳು ಒಂದೊಂದಾಗಿ ತುಂಡಾಗುತ್ತವೆ. ಉಳಿದವು ಎಲ್ಲ ಪ್ರವಾಹವನ್ನೂ ಹೊತ್ತು ಬಿಸಿಯಾಗುತ್ತವೆ. ಆದ್ದರಿಂದ ಬ್ಲಾಕಿನ ಭಾರ ಮೇಜು ಇಲ್ಲವೆ ಗೂಡಿನ ಮೇಲೆ ನಿಲ್ಲಲಿ, ವೈರಿನ ಮೇಲೆ ಬೇಡ. ಕುತ್ತಿಗೆಯ ಪಕ್ಕಕ್ಕೇ ಸುರಂಗವೊಂದನ್ನು ಕಟ್ಟಿ ವೈರು ನೇರವಾಗಿ ಹೊರಬರುವಂತೆ ಮಾಡಿದರಂತೂ ಚಾರ್ಜರಿನ ಆಯುಷ್ಯವೇ ಹೆಚ್ಚೀತು. ನನ್ನ ಮಟ್ಟಿಗೆ ಈ ಸಿಂಗಾರದ ನಿಜವಾದ ಉಪಯೋಗ ಇದೇ.

ಜೋಳ, ಶೇಂಗಾ ತುಂಬಿಟ್ಟ ಮನೆಗಳಲ್ಲಿ ಇಲಿಗಳ ಕಾಟ ನಿಮಗೆ ಹೇಳಬೇಕಿಲ್ಲ. ಅವು ವೈರನ್ನೂ ಕಡಿಯುತ್ತವೆ. ಸುರಂಗದ ಮುಚ್ಚಳಪಟ್ಟಿಯನ್ನು ತಿಂಗಳಿಗೊಮ್ಮೆ, ಪ್ಲಗ್ ಕಿತ್ತ ಮೇಲೆ ತೆಗೆದು ಹೊದಿಕೆ ಸರಿಯಿದೆಯೇ ನೋಡಿ. ತಾಮ್ರ ಕಂಡರೆ ಅದರ ಮೇಲೆ ಬ್ಲಾಕು ಮುಚ್ಚಿ ಸುಮ್ಮನಾಗಬೇಡಿ, ವೈರನ್ನೇ ಬದಲಿಸಿ. ಅಂಥದ್ದು ಗೋಡೆಯ 230 ವೋಲ್ಟಿನ ವೈರಿನಲ್ಲಿ ಕಂಡರೆ ಕೈ ಹಾಕದೆ ಮನೆಯ ಹಿರಿಯರಿಗೆ ಹೇಳಿ ಮೇನ್ ಸ್ವಿಚ್ ಆರಿಸಿ ವೈರ್‌ಮನ್‌ನನ್ನು ಕರೆಸಿ. ಮಳೆಗಾಲದಲ್ಲಿ ಮಣ್ಣಿನ ಗೋಡೆ ತೇವವಾಗಿರುತ್ತದೆ. ಒಣ ಗೋಡೆಯಲ್ಲಿ ತೋರದ ದೋಷ ಆಗ ಕೈಗೆ ತಗಲುತ್ತದೆ.