ಲೆಕ್ಕ ಸರಿಯಿದ್ದರೆ ಅನುದಾನ

ಬಡ ದೇಶಗಳಿಗೆ ನೆರವು ನೀಡುವಾಗ ಅಲ್ಲಿನ ಆಡಳಿತ ಹೇಗಿದೆ ಎಂದು ನೋಡುವ ಪದ್ಧತಿಯಿದೆ. ಅಮೆರಿಕ 2004ರಲ್ಲಿ ಸ್ಥಾಪಿಸಿದ ಮಿಲೇನಿಯಮ್ ಚಾಲೆಂಜ್ ಕಾರ್ಪೊರೇಷನ್ ಇದಕ್ಕೆಂದೇ ಅಂಕಪಟ್ಟಿ ತಯಾರಿಸಿತು. ಬೇರೆ ವಿಷಯಗಳಲ್ಲಿ ಗೆದ್ದರೂ ಭ್ರಷ್ಟಾಚಾರ ನಿಯಂತ್ರಣದಲ್ಲಿ ಸೋತ ದೇಶಕ್ಕೆ ಸಾಮಾನ್ಯವಾಗಿ ನೆರವು ಸಿಗುತ್ತಿರಲಿಲ್ಲ.

ಇಂಥದೇ ಅಳತೆಗೋಲು ಕುಂದಾಪುರ, ಬೈಂದೂರು, ಬ್ರಹ್ಮಾವರದ ನಮ್ಮ ಪಂಚಾಯತ್‌ಗಳಿಗೂ ಬಂದಿದೆ. ಇಲ್ಲಿ ಹಣ ಕೇಂದ್ರ ಸರಕಾರದ್ದು. 15ನೇ ಹಣಕಾಸು ಆಯೋಗವು 2021-26ರ ಅವಧಿಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅದರಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಷರತ್ತುಗಳೂ ಇದ್ದವು: ಚುನಾಯಿತ ಸದಸ್ಯರಿರಬೇಕು; ಹಿಂದಿನ ವರ್ಷದ ಜಮಾ-ಖರ್ಚು ಹಾಗೂ ಅದಕ್ಕೂ ಹಿಂದಿನ ವರ್ಷದ ಪರಿಶೋಧಿತ ಲೆಕ್ಕ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗಬೇಕು.

ನಮ್ಮ ರಾಜ್ಯದ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು. 2021ರಲ್ಲಿ ಅವಧಿ ಮುಗಿದ ಬಳಿಕ ಅವು ವರ್ಷಗಟ್ಟಲೆ ಸದಸ್ಯರಿಲ್ಲದೆ ನಡೆದವು. ಮೊದಲ ಷರತ್ತೇ ಅಲ್ಲಿ ತಪ್ಪಿತು.

ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವ ನಮ್ಮ ಹೊಳೆಬದಿಯ ಮನೆಗಳಿಗೆ ನಳ್ಳಿ ನೀರು ಬರಬೇಕಾದರೆ ಇಂಥ ಅನುದಾನ ಬೇಕು. ಅನುದಾನಕ್ಕೆ ಲೆಕ್ಕ ಸರಿಯಿರಬೇಕು. ಆದುದರಿಂದ ಗ್ರಾಮಸಭೆಯ ದಿನ ಮನೆಗೊಬ್ಬರಾದರೂ ಹೋಗಿ, ಜಮಾ-ಖರ್ಚು ಓದಿಸಿ ಕೇಳೋಣ.