ದಿನಚರಿಯ ಎರಡನೆಯ ಪ್ರತಿ

ದಿನಚರಿ ಬರೆಯುವ ಅಭ್ಯಾಸ ನಮ್ಮ ಮನೆಗಳಿಗೆ ಹೊಸದಲ್ಲ. ಹಿಂದೆ ರೂಲು ಹಾಕಿದ ಪುಸ್ತಕದಲ್ಲಿ ಬರೆದು ಪೆಟ್ಟಿಗೆಯಲ್ಲಿಡುತ್ತಿದ್ದರು. ಈಗ ಹಲವರು ಮೊಬೈಲಿನಲ್ಲೋ ಗಣಕಯಂತ್ರದಲ್ಲೋ ಬರೆದು ಅಂತರ್ಜಾಲದಲ್ಲಿ ಇಡುತ್ತಾರೆ. ಮಗುವಿನ ಮೊದಲ ತೊದಲುಮಾತು, ತಂದೆಯ ಕಾಯಿಲೆಯ ದಿನಗಳು, ಆ ವರ್ಷದ ತೊಗರಿಯ ಧಾರಣೆ ಎಲ್ಲವೂ ಅಲ್ಲಿರುತ್ತವೆ. ಪುಸ್ತಕಕ್ಕಾದರೆ ಗೆದ್ದಲಿನ ಭಯವಿತ್ತು. ಅಂತರ್ಜಾಲದಲ್ಲಿಟ್ಟದ್ದಕ್ಕೆ ಯಾವ ಭಯವೂ ಇಲ್ಲವೆಂದು ತಾವು ನಂಬಿದ್ದರೆ ಆ ನಂಬಿಕೆಯನ್ನು ಸ್ವಲ್ಪ ಪರೀಕ್ಷಿಸಿ ನೋಡುವುದು ಒಳಿತು.

ಜರ್ನಲ್‌ಸ್ಪೇಸ್ ಎಂಬ ಅಮೇರಿಕದ ಸಂಸ್ಥೆಯೊಂದು ದಿನಚರಿ ಬರೆಯುವವರಿಗೆ ಅಂತರ್ಜಾಲದಲ್ಲಿ ಜಾಗ ಕೊಡುತ್ತಿತ್ತು. 2008ರ ಕೊನೆಯಲ್ಲಿ ಅದರ ಉಗ್ರಾಣದಲ್ಲಿದ್ದ ಬರವಣಿಗೆಯೆಲ್ಲ ಅಳಿಸಿಹೋಯಿತು. ಅವರಲ್ಲಿ ಎರಡು ಡಿಸ್ಕುಗಳಿದ್ದವು. ಒಂದರಲ್ಲಿ ಬರೆದದ್ದು ಕನ್ನಡಿಯ ಬಿಂಬದಂತೆ ಆ ಕ್ಷಣವೇ ಇನ್ನೊಂದರಲ್ಲಿಯೂ ಮೂಡುತ್ತಿತ್ತು. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಉಳಿಯುವುದೆಂಬುದು ನಿಜವೇ. ಆದರೆ ಒಂದರಲ್ಲಿ ಅಳಿಸಿದರೆ ಬಿಂಬದಲ್ಲಿಯೂ ಅಳಿಸಿಹೋಗುವುದಷ್ಟೆ! ಬೇರೆ ಪ್ರತಿಯನ್ನು ಅವರು ಇಟ್ಟಿರಲಿಲ್ಲ. 2009ರ ಆರಂಭದಲ್ಲಿ ಸಂಸ್ಥೆ ಬಾಗಿಲು ಹಾಕಿತು. ನಮ್ಮ ಮೊಬೈಲಿನಲ್ಲಿ ಕಾಣುವ ಬರಹವೂ ಬಹುಮಟ್ಟಿಗೆ ಇಂಥ ಬಿಂಬವೇ. ಅದನ್ನು ಪ್ರತಿಯೆಂದು ಎಣಿಸಬಾರದು.

ಇದನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಕವಿ ಪೊನ್ನ. ಅವನ ‘ಶಾಂತಿಪುರಾಣ’ವನ್ನು ದಾನಚಿಂತಾಮಣಿ ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಸಾಹಿತ್ಯಚರಿತ್ರೆ ಹೇಳುತ್ತದೆ. ಅದು ಇಂದಿಗೂ ನಮಗೆ ಓದಲು ಸಿಕ್ಕುತ್ತದೆ. ಅದೇ ಪೊನ್ನನ ‘ಭುವನೈಕರಾಮಾಭ್ಯುದಯ’ ಸಿಕ್ಕಿಲ್ಲ. ಸಾವಿರ ಪ್ರತಿಗಳೇ ಇದಕ್ಕೆ ಕಾರಣವೆಂದು ಸಾಧಿಸಿ ತೋರಿಸಲಾಗದು; ಆದರೂ ಗ್ರಂಥವು ಕವಿಯ ಯೋಗ್ಯತೆಯೊಂದರಿಂದಲೇ ಉಳಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮಗೆ ಸಾವಿರ ಪ್ರತಿ ಬೇಡ, ಮೂರಿದ್ದರೆ ಸಾಕು. ಅಂತರ್ಜಾಲದಲ್ಲಿರುವುದು ಒಂದು. ಮನೆಯ ಗಣಕದಲ್ಲೋ ಪೆನ್‌ಡ್ರೈವಿನಲ್ಲೋ ಇಳಿಸಿಕೊಂಡದ್ದು ಎರಡು. ಮೂರನೆಯದು ಬೇರೆ ಮನೆಯಲ್ಲಿ, ಬೇರೆ ಊರಿನಲ್ಲಿದ್ದರೆ ಇನ್ನೂ ಲೇಸು. ಬರೆದದ್ದನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳಲು ಇಂಥ ಹೆಚ್ಚಿನ ತಾಣಗಳಲ್ಲಿ ‘ಎಕ್ಸ್‌ಪೋರ್ಟ್’ ಅಥವಾ ‘ಬ್ಯಾಕಪ್’ ಎಂಬ ಅನುಕೂಲ ಉಂಟು. ಗೂಗಲಿನಲ್ಲಿ ಅದಕ್ಕೆ ‘ಟೇಕ್‌ಔಟ್’ ಎಂದು ಹೆಸರು. ಇಳಿಸಿದ ಕಡತದಲ್ಲಿ ಅನೇಕ ವೇಳೆ ಅಕ್ಷರ ಮಾತ್ರ ಬರುತ್ತದೆ, ಚಿತ್ರಗಳ ಬದಲು ಅವುಗಳ ವಿಳಾಸ ಬರುತ್ತದೆ. ಆದ್ದರಿಂದ ಚಿತ್ರಗಳನ್ನು ಬೇರೆಯಾಗಿ ತೆಗೆದಿಡಬೇಕು. ಹೊಸ ಪ್ರತಿಯನ್ನು ಹಳೆಯದರ ಮೇಲೆ ಬರೆಯದೆ ದಿನಾಂಕ ಹಾಕಿ ಪಕ್ಕದಲ್ಲಿಡಿ. ಯಾವಾಗಲೋ ಅಳಿಸಿದ್ದು ಇಂದು ಬೇಕೆನಿಸಿದರೆ ಹಳೆಯ ಪ್ರತಿಯಲ್ಲಿ ಸಿಕ್ಕುತ್ತದೆ. ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ತೆರೆದು ಓದಿ ನೋಡಿದ ಮೇಲೆಯೇ ಅದು ಪ್ರತಿ. ಪೆನ್‌ಡ್ರೈವನ್ನು ವರ್ಷಗಟ್ಟಲೆ ಕಪಾಟಿನಲ್ಲಿ ಮರೆತುಬಿಡುವಂತಿಲ್ಲ, ಅದರೊಳಗಿನ ವಿದ್ಯುದಂಶ ಕ್ರಮೇಣ ಕ್ಷೀಣಿಸುತ್ತದೆ. ವರ್ಷಕ್ಕೊಮ್ಮೆ ಕಾಗದದ ಮೇಲೆ ಅಚ್ಚುಹಾಕಿಸಿ ಹೊಲಿಸಿಡುವುದು ಹಳೆಯ ಕಾಲದವರ ಹಟವೆಂದು ಮಕ್ಕಳು ನಗಬಹುದು. ನಗಲಿ.

ಪ್ರತಿಯಷ್ಟೇ ಮುಖ್ಯವಾದದ್ದು ಬೀಗದ ಕೈ. ಇಲ್ಲಿಯ ಜೇವರ್ಗಿ ಕಾಲೋನಿಯಲ್ಲಿ ನನಗೆ ಪರಿಚಿತರಾದ ಗೃಹಸ್ಥರೊಬ್ಬರ ಪತ್ನಿ ಅನೇಕ ವರ್ಷ ಅಂತರ್ಜಾಲದಲ್ಲಿ ದಿನಚರಿ ಬರೆದು, ಅದನ್ನು ಮನೆಯವರಿಗೆ ಮಾತ್ರ ತೋರುವಂತೆ ಇಟ್ಟಿದ್ದರು. ಆಕೆ ತೀರಿಕೊಂಡ ಮೇಲೆ ಮೊಬೈಲಿಗೆ ಹಣ ಕಟ್ಟುವವರಿಲ್ಲದೆ ಸಂಪರ್ಕ ನಿಂತಿತು. ನಮ್ಮ ದೇಶದಲ್ಲಿ ಹಾಗೆ ನಿಂತ ಸಂಖ್ಯೆಯನ್ನು ಕನಿಷ್ಠ 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ದಿನಚರಿಯ ಗುಪ್ತಸಂಕೇತ ಮರೆತವರಿಗೆ ಹೊಸದು ಬರುವುದು ಆ ಸಂಖ್ಯೆಗೇ! ಮನೆಯವರು ಎಚ್ಚತ್ತಾಗ ಸಂಖ್ಯೆ ಯಾರದೋ ಆಗಿತ್ತು. ಇದಲ್ಲದೆ ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ತಮ್ಮ ಅನಂತರ ಖಾತೆಯಲ್ಲಿರುವುದು ಯಾರಿಗೆ ದೊರೆಯಬೇಕೆಂದು ಮೊದಲೇ ಬರೆದಿಡುವ ಏರ್ಪಾಡೂ ಅಲ್ಲಿಯೇ ಇದೆ; ಉಪಯೋಗಿಸುವವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಕಳೆದದ್ದನ್ನು ಹುಡುಕುವ ದಾರಿ ಪಂಡಿತರಿಗೆ ಹೊಸದಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’ ಇಡಿಯಾಗಿ ಸಿಕ್ಕಿಲ್ಲ. ಮಲ್ಲಿಕಾರ್ಜುನನ ‘ಸೂಕ್ತಿಸುಧಾರ್ಣವ’ದಂಥ ಸಂಕಲನಗಳಲ್ಲಿ ಉದ್ಧೃತವಾದ ಪದ್ಯಗಳನ್ನು ವಿದ್ವಾಂಸರು ಆರಿಸಿಕೊಂಡರು. ಹಾಗೆಯೇ ತಾವು ಬರೆದದ್ದನ್ನು ಯಾರಿಗಾದರೂ ಮಿಂಚಂಚೆಯಲ್ಲಿ ಕಳುಹಿಸಿದ್ದರೆ, ಹಳೆಯ ಗಣಕದಲ್ಲಿ ಕರಡು ಇದ್ದರೆ, ಅಲ್ಲಿ ಹುಡುಕಬೇಕು. ಎಲ್ಲರಿಗೂ ತೆರೆದಿದ್ದ ದಿನಚರಿಯಾದರೆ 1996ರಲ್ಲಿ ಸ್ಥಾಪಿತವಾದ ಇಂಟರ್ನೆಟ್ ಆರ್ಕೈವ್ ಅದರ ಪುಟಗಳನ್ನು ಎತ್ತಿಟ್ಟಿರಬಹುದು. ಗೂಗಲಿನ ಹುಡುಕಾಟದಲ್ಲಿ ಹಳೆಯ ಪುಟ ತೋರುತ್ತಿದ್ದ ಸೌಲಭ್ಯ 2024ರಲ್ಲಿ ನಿಂತುಹೋಯಿತು.

ಆ ಗೃಹಸ್ಥರ ಮಗಳು ತಾಯಿಯ ಹಳೆಯ ಗಣಕ ತೆರೆದಾಗ ಕೆಲವು ಕಡತಗಳು ಸಿಕ್ಕವು. ಒಳಗೆ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳ ಸಂತೆ. ಕೆಟ್ಟಿವೆಯೆಂದು ಎಸೆಯುವುದರಲ್ಲಿದ್ದಳು. ಅವು ನುಡಿ ತಂತ್ರಾಂಶದಲ್ಲಿ ಬೆರಳಚ್ಚಾಗಿದ್ದವು. ಆ ಕಾಲದ ಕನ್ನಡ ಅಕ್ಷರರೂಪಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತಿದ್ದವು. ಆ ಅಕ್ಷರರೂಪವಿಲ್ಲದ ಯಂತ್ರದಲ್ಲಿ ಬರಿಯ ಸ್ಥಾನ ಕಾಣುತ್ತದೆ, ಕನ್ನಡ ಕಾಣದು. ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಮೂಲ ಕಡತವನ್ನು ತಿದ್ದದೆ, ಅದರ ನಕಲನ್ನು ಪರಿವರ್ತಿಸಬೇಕು. ಒತ್ತಕ್ಷರಗಳು, ವಿಶೇಷವಾಗಿ ಅರ್ಕಾವತ್ತು, ಅಲ್ಲಲ್ಲಿ ಪಲ್ಲಟವಾಗಬಹುದು, ಕೂತು ತಿದ್ದಿಕೊಳ್ಳಬೇಕಾಗುತ್ತದೆ. ಆಕೆಯ ದಿನಚರಿಯಲ್ಲಿ ಎರಡು ವರ್ಷದಷ್ಟು ಹೀಗೆ ದೊರೆತಿದೆ. ಸಂದೇಹವಿದ್ದ ದಿನಾಂಕಗಳಿಗೆ ಮಗಳು ಪ್ರಶ್ನಚಿಹ್ನೆ ಹಾಕಿ, ಮೂರು ಪ್ರತಿ ಮಾಡಿದ್ದಾಳೆ.