ಲಿವರ್ ಉಳಿಸಲು ಗುಳಿಗೆ ಬಿಡುವ ತಪ್ಪು ಲೆಕ್ಕ

ರಾಯಾಪುರದಲ್ಲಿ ಚಿಗರಿ ಬಸ್ಸು ಹತ್ತಿದರೆ ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ ದೂರವೇನಲ್ಲ. ಎಚ್‌ಐವಿ ಇರುವವರಿಗೆ ಅಲ್ಲಿನ ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ ಚಿಕಿತ್ಸೆ) ಕೇಂದ್ರದಲ್ಲಿ ಗುಳಿಗೆ ಪುಕ್ಕಟೆ ಸಿಗುತ್ತದೆ. ಆದರೂ ಕೆಲವರು ಅದನ್ನು ನಡುವೆ ಬಿಡುವುದುಂಟು, ಮತ್ತು ಬಿಡಲು ಕೊಡುವ ಕಾರಣಗಳಲ್ಲೊಂದು ಮೇಲ್ನೋಟಕ್ಕೆ ವಿವೇಕದ ಮಾತಿನಂತೆಯೇ ಕೇಳಿಸುತ್ತದೆ: ಈ ಗುಳಿಗೆ ಬಹಳ ಉಷ್ಣ, ಲಿವರ್ ಕೆಡಿಸುತ್ತದೆ, ಕಾಮಣಿ ಆದಾಗಲಾದರೂ ನಾಲ್ಕು ದಿನ ಬಿಟ್ಟು ಲಿವರಿಗೆ ವಿಶ್ರಾಂತಿ ಕೊಡಬೇಕು. ಎಚ್‌ಐವಿಯ ಜೊತೆಗೆ ಹೆಪಟೈಟಿಸ್ ಬಿ ಕೂಡ ಇರುವವರ ಮಟ್ಟಿಗೆ ಈ ಸಲಹೆ ಪ್ರಾಣಕ್ಕೇ ಎರವಾಗಬಲ್ಲದು.

ಯಾಕೆಂದು ತಿಳಿಯಲು ಗುಳಿಗೆಯೊಳಗೆ ಏನಿದೆ ಎಂಬುದನ್ನೇ ನೋಡಬೇಕು. ಈಗ ಹೆಚ್ಚಿನವರಿಗೆ ಕೊಡುವುದು ದಿನಕ್ಕೊಂದು ನುಂಗುವ ಟಿಎಲ್‌ಡಿ. ಟೆನೊಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಅದರಲ್ಲಿ ಕೂಡಿವೆ. ಇವುಗಳಲ್ಲಿ ಮೊದಲಿನ ಎರಡು ಹೆಪಟೈಟಿಸ್ ಬಿ ವೈರಸ್ಸನ್ನೂ ಹತ್ತಿಕ್ಕುತ್ತವೆ. ಎರಡು ವೈರಸ್ಸುಗಳ ಕುಲ ಬೇರೆಯಾದರೂ ಆರ್‌ಎನ್‌ಎ ನೋಡಿ ಡಿಎನ್‌ಎ ಬರೆಯುವ ಒಂದೇ ಬಗೆಯ ಕಿಣ್ವವನ್ನು ಎರಡೂ ನೆಚ್ಚಿಕೊಂಡಿವೆ. ಆ ಬರವಣಿಗೆಗೇ ಈ ಔಷಧಗಳು ತಡೆ ಹಾಕುತ್ತವೆ. ಆದರೆ ಹೆಪಟೈಟಿಸ್ ಬಿ ತನ್ನ ಮೂಲಪ್ರತಿಯನ್ನು ಲಿವರಿನ ಜೀವಕೋಶದ ಕೇಂದ್ರದಲ್ಲಿ ಬಚ್ಚಿಟ್ಟಿರುತ್ತದೆ, ಅದನ್ನು ಗುಳಿಗೆ ಅಳಿಸಲಾರದು. ಗುಳಿಗೆ ನಿಂತರೆ ವೈರಸ್ ಮತ್ತೆ ನಕಲಿಗೆ ತೊಡಗುತ್ತದೆ. ಅಷ್ಟರಲ್ಲಿ ಚಿಕಿತ್ಸೆಯಿಂದ ಚೇತರಿಸಿಕೊಂಡಿದ್ದ ರೋಗನಿರೋಧಕ ಶಕ್ತಿ ಸೋಂಕು ತಗಲಿದ ಕೋಶಗಳ ಮೇಲೆ ಎರಗುತ್ತದೆ, ಲಿವರ್ ಉರಿಯೂತಕ್ಕೆ ಸಿಕ್ಕುತ್ತದೆ. ಕೆಲವರಲ್ಲಿ ಇದು ಲಿವರ್ ವೈಫಲ್ಯದವರೆಗೂ ಹೋಗುತ್ತದೆ. ಎರಡು ಸೋಂಕು ಒಟ್ಟಿಗಿದ್ದರೆ ಏನಾಗುತ್ತದೆ ಎಂಬುದಕ್ಕೆ 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಲೆಕ್ಕವಿದೆ. 5,293 ಪುರುಷರನ್ನು ವರ್ಷಗಟ್ಟಲೆ ಗಮನಿಸಿದಾಗ, ಹೆಪಟೈಟಿಸ್ ಬಿ ಮಾತ್ರ ಇದ್ದವರಲ್ಲಿ ಲಿವರ್ ಕಾಯಿಲೆಯಿಂದ ಸತ್ತವರು ವರ್ಷಕ್ಕೆ ಸಾವಿರಕ್ಕೊಬ್ಬರಿಗಿಂತ ಕಡಿಮೆ. ಜೊತೆಗೆ ಎಚ್‌ಐವಿಯೂ ಇದ್ದವರಲ್ಲಿ ಸುಮಾರು 14 ಮಂದಿ.

ಹಾಗಾದರೆ ಜನರ ಭಯಕ್ಕೆ ಬುಡವೇ ಇಲ್ಲವೇ? ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ದೇಶದಲ್ಲಿ 2004ರಲ್ಲಿ ಉಚಿತ ಚಿಕಿತ್ಸೆ ಶುರುವಾದ ಮೇಲೆ ಹಲವು ವರ್ಷ ಬಳಕೆಯಲ್ಲಿದ್ದ ನೆವಿರಪಿನ್ ಕೆಲವರ ಲಿವರಿಗೆ ನಿಜಕ್ಕೂ ಪೆಟ್ಟು ಕೊಡುತ್ತಿತ್ತು. ಕ್ಷಯಕ್ಕೂ ಔಷಧ ತೆಗೆದುಕೊಳ್ಳುವವರಲ್ಲಿ ಆ ಗುಳಿಗೆಗಳಿಂದಲೂ ಕಾಮಣಿ ಕಾಣಿಸಬಹುದು. ಎಆರ್‌ಟಿ ಶುರು ಮಾಡಿದ ಮೊದಲ ವಾರಗಳಲ್ಲಿ ದೇಹದ ಶಕ್ತಿ ಮರಳುವಾಗ ಅಡಗಿದ್ದ ಹೆಪಟೈಟಿಸ್ ಕೆರಳುವುದೂ ಉಂಟು, ಅದರ ದೂರು ಗುಳಿಗೆಯ ಮೇಲೆ ಬೀಳುತ್ತದೆ. ಇವುಗಳಲ್ಲಿ ಯಾವುದು ನಡೆಯುತ್ತಿದೆ ಎಂದು ಹೇಳಬೇಕಾದರೆ ರಕ್ತ ಪರೀಕ್ಷೆ ಬೇಕು. ತೊಂದರೆ ತೀವ್ರವಾಗಿದ್ದರೆ ವೈದ್ಯರೇ ಔಷಧ ನಿಲ್ಲಿಸಬಹುದು, ಬದಲಿಸಬಹುದು. ಮನೆಯಲ್ಲಿ ಕುಳಿತು ಕಣ್ಣಿನ ಬಣ್ಣ ನೋಡಿ ಮಾಡುವ ತೀರ್ಮಾನ ಅದಲ್ಲ. ಇನ್ನು ನಡುನಡುವೆ ಬಿಡುವು ಕೊಟ್ಟರೆ ಹೃದಯ, ಮೂತ್ರಪಿಂಡ, ಲಿವರುಗಳ ಹೊರೆ ಇಳಿದೀತು ಎಂದು ವಿಜ್ಞಾನಿಗಳೂ ಒಮ್ಮೆ ಎಣಿಸಿದ್ದರು. ಅದನ್ನು ಪರೀಕ್ಷಿಸಲು 5,472 ಮಂದಿಯ ಮೇಲೆ ನಡೆದ ‘ಸ್ಮಾರ್ಟ್’ ಎಂಬ ಅಂತರರಾಷ್ಟ್ರೀಯ ಪ್ರಯೋಗವನ್ನು 2006ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬಿಡುವು ಕೊಟ್ಟವರ ಗುಂಪಿನಲ್ಲಿ ಸಾವು ಹೆಚ್ಚಿತ್ತು. ಯಾವ ಮೂರು ಅಂಗಗಳನ್ನು ಕಾಪಾಡಲು ಹೊರಟಿದ್ದರೋ ಅವುಗಳ ಗಂಭೀರ ಕಾಯಿಲೆಯೂ ಒಟ್ಟಾರೆ ಅದೇ ಗುಂಪಿನಲ್ಲಿ ಹೆಚ್ಚಿತ್ತು. ವಿಶ್ರಾಂತಿಯ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಕಾಮಣಿಗೆ ನಾಡಮದ್ದಾದ ನೆಲನೆಲ್ಲಿಯ ಮಾತು ಇಲ್ಲಿ ಬಂದೇ ಬರುತ್ತದೆ. ಅದನ್ನು ತಳ್ಳಿಹಾಕುವ ಮುನ್ನ ಅದರ ಕತೆಯನ್ನು ನ್ಯಾಯವಾಗಿ ಹೇಳಬೇಕು. 1988ರಲ್ಲಿ ಮದರಾಸಿನ ಸಂಶೋಧಕರು ಹೆಪಟೈಟಿಸ್ ಬಿ ಇದ್ದವರಿಗೆ ನೆಲನೆಲ್ಲಿ ಕೊಟ್ಟು, 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆ ಲೇಖನಕ್ಕೆ ಹೆಸರು ಸೇರಿಸಿದವರಲ್ಲಿ ಹೆಪಟೈಟಿಸ್ ಬಿ ವೈರಸ್ಸನ್ನು ಗುರುತಿಸಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಕೂಡ ಇದ್ದರು. ಅಂದರೆ ನಾಡಮದ್ದನ್ನು ವಿಜ್ಞಾನ ತಿರಸ್ಕಾರದಿಂದ ನೋಡಿತು ಎನ್ನುವಂತಿಲ್ಲ, ಪರೀಕ್ಷಿಸಿಯೇ ನೋಡಿತು. ಮುಂದಿನ ಪ್ರಯೋಗಗಳಲ್ಲಿ ಆ ಫಲಿತಾಂಶ ಮತ್ತೆ ಕೈಗೆ ಸಿಗಲಿಲ್ಲ. ನೆಲನೆಲ್ಲಿ ಕುಡಿದವರಿಗೆ ಕಾಮಣಿ ಇಳಿದದ್ದು ನಿಜವಿರಬಹುದು. ಮಳೆಗಾಲದಲ್ಲಿ ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುತೇಕ ತಾವಾಗಿಯೇ ಇಳಿಯುತ್ತವೆ, ಕೀರ್ತಿ ಮದ್ದಿಗೆ ಸಲ್ಲುತ್ತದೆ.

ಇಲ್ಲೇ ಇನ್ನೊಂದು ಗೊಂದಲ ಹುಟ್ಟುವುದು. ನಲ್ಲಿಯ ನೀರು ಎಷ್ಟೋ ದಿನಕ್ಕೊಮ್ಮೆ ಬರುವ ಅವಳಿ ನಗರದಲ್ಲಿ ಕಾಮಣಿ ಎಂದರೆ ನೀರಿನ ರೋಗ ಎಂದುಕೊಳ್ಳುವುದು ಸಹಜ. ಆದರೆ ಹೆಪಟೈಟಿಸ್ ಬಿ ಮತ್ತು ಸಿ ನೀರಿನಿಂದಾಗಲಿ, ಒಂದೇ ತಾಟಿನಲ್ಲಿ ಉಣ್ಣುವುದರಿಂದಾಗಲಿ ಬರುವುದಿಲ್ಲ. ಎಚ್‌ಐವಿಯಂತೆ ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ ಬರುತ್ತವೆ. ಅದರಿಂದಲೇ ಒಬ್ಬರಲ್ಲೇ ಎರಡು ಸೋಂಕು ಕೂಡುವುದು. ಬಿ ವೈರಸ್ ದೇಹದ ಹೊರಗೂ ಏಳು ದಿನ ಬದುಕಬಲ್ಲದು, ಹಾಗಾಗಿ ಬದಲಿಸದ ಬ್ಲೇಡು, ಹಚ್ಚೆಯ ಸೂಜಿ ಹಗುರ ವಿಷಯಗಳಲ್ಲ. ವರ್ಷಾನುಗಟ್ಟಲೆ ಕಣ್ಣು ಹಳದಿಯಾಗದೆ, ನೋವಿಲ್ಲದೆ ಲಿವರ್ ಗಟ್ಟಿಯಾಗುತ್ತ ಹೋಗಬಹುದು. ಎಚ್‌ಐವಿಯ ವೈರಲ್ ಲೋಡ್ ಪತ್ತೆಯಾಗದ ಮಟ್ಟಕ್ಕೆ ಇಳಿದರೂ ಆ ಪರೀಕ್ಷೆಯ ಚೀಟಿ ಹೆಪಟೈಟಿಸ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೆಪಟೈಟಿಸ್ ಸಿ ಇದ್ದರಂತೂ ಸಾಮಾನ್ಯವಾಗಿ 12 ವಾರಗಳ ಗುಳಿಗೆಯಿಂದ ನೂರಕ್ಕೆ 95ರಷ್ಟು ಮಂದಿ ಪೂರ್ತಿ ಗುಣವಾಗುತ್ತಾರೆ, ಎಚ್‌ಐವಿ ಇದ್ದವರೂ ಸೇರಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಆ ಚಿಕಿತ್ಸೆ ಉಚಿತ.

ಆದ್ದರಿಂದ ಎಚ್‌ಐವಿ ಇರುವವರಲ್ಲಿ ಒಂದೇ ಬೇಡಿಕೆ. ಮುಂದಿನ ಸಲ ಗುಳಿಗೆ ತರಲು ಹೋದಾಗ ನಿಮ್ಮ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಿದೆಯೇ, ಫಲ ಏನು ಎಂದು ಕೇಳಿ ಬರೆಸಿಕೊಳ್ಳಿ. ಬಿ ಇಲ್ಲವಾದರೆ ಲಸಿಕೆ ಕೇಳಿ. ಇದ್ದರೆ, ಯಾವ ಊರಿನ ಯಾವ ವೈದ್ಯರು ನಿಮ್ಮ ಗುಳಿಗೆ ಬದಲಿಸಹೊರಟರೂ ಮೊದಲು ಈ ಮಾತು ಹೇಳಿ: ನನಗೆ ಹೆಪಟೈಟಿಸ್ ಬಿ ಇದೆ, ಹೊಸ ಗುಳಿಗೆಯಲ್ಲಿ ಅದಕ್ಕೂ ಔಷಧ ಇದೆಯೇ?